ಸ್ವಸಂತೋಷದಿಂದ

ಹದಿನೆಂಟು ವರ್ಷದಿಂದ ನೋಂದಣಿ ಕಚೇರಿಯ ಎದುರು ಕೂತು ಮನೆ, ಜಮೀನಿನ ಪತ್ರಗಳನ್ನು ಟೈಪ್ ಮಾಡುತ್ತಿದ್ದೇನೆ. ಹಕ್ಕು ಬಿಡುಗಡೆ ಪತ್ರದ ಒಕ್ಕಣೆಯಂತೂ ನನಗೆ ಬಾಯಿಪಾಠ: 'ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ, ನನ್ನ ಪಾಲಿನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ.' ಅದಕ್ಕೆ ಸಹಿ ಹಾಕುವ ಹೆಂಗಸರಲ್ಲಿ ಅರ್ಧ ಜನ ಕಣ್ಣೊರೆಸಿಕೊಳ್ಳುತ್ತಲೇ ಹಾಕುತ್ತಾರೆ. ನಾನು ತಲೆ ಎತ್ತಿ ನೋಡಿದವಳಲ್ಲ.

ನಿನ್ನೆ ಅಣ್ಣ ಬಂದು, ತೀರಿಹೋದ ಅಪ್ಪನ ಮನೆಯ ಕಾಗದಗಳನ್ನು ನನ್ನ ಮೇಜಿನ ಮೇಲೆ ಹಾಕಿದ. ಅಮ್ಮನೂ ಇಲ್ಲ, ಉಳಿದವರು ನಾವಿಬ್ಬರೇ.

"ಒಂದು ಬಿಡುಗಡೆ ಪತ್ರ ಟೈಪ್ ಮಾಡಮ್ಮ, ನೀನು ನನಗೆ ಬರೆದುಕೊಟ್ಟ ಹಾಗೆ. ನೀನೇ ಇರುವಾಗ ಹೊರಗಡೆ ಯಾಕೆ ಹೋಗ್ಲಿ?"

"ನನ್ನನ್ನ ಒಂದು ಮಾತು ಕೇಳಿದ್ಯಾ?"

"ಕೇಳೋದೇನಿದೆ? ನಿನಗೆ ಮದುವೆ ಆಗಿದೆ. ಅಪ್ಪ ವಿಲ್ ಬರೆದಿಲ್ಲ ಅಂದ್ಮೇಲೆ ಮನೆ ಮಗನಿಗೇ ತಾನೇ?"

ನನಗೆ ಮೈಯೆಲ್ಲ ಉರಿದುಹೋಯಿತು. "ವಿಲ್ ಇಲ್ಲ ಅಂದ್ರೆ ಮಗಳಿಗೂ ಸಮಪಾಲು. ಇಷ್ಟು ವರ್ಷ ಇಲ್ಲಿ ಕೂತು ನಾನೇನು ಕತ್ತೆ ಕಾಯ್ತಿದ್ನಾ?"

"ಸುಮ್ನೆ ಫಾರ್ಮಾಲಿಟಿ ಕಣೇ. ಟೈಪ್ ಮಾಡು."

ಮಾಡಿದೆ. ಕೀಲಿಗಳು ಕಿತ್ತುಬರುವಂತೆ ಕುಟ್ಟಿದೆ. ಒಕ್ಕಣೆಯಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ಬಿಟ್ಟುಕೊಡುವವರ ಜಾಗದಲ್ಲಿ ಅವನ ಹೆಸರು ಹಾಕಿದೆ, ಪಡೆಯುವವರ ಜಾಗದಲ್ಲಿ ನನ್ನದು. ಹಾಳೆಯನ್ನು ಅವನ ಮುಂದೆ ಬಿಸಾಕಿ ಪೆನ್ನು ಚಾಚಿದೆ.

ಓದುತ್ತಾ ಅವನ ಮುಖ ಕಪ್ಪಿಟ್ಟಿತು. "ಏನೇ ಇದು?"

"ಸುಮ್ನೆ ಫಾರ್ಮಾಲಿಟಿ ಕಣಣ್ಣ," ಎಂದೆ. "ಸ್ವಸಂತೋಷದಿಂದ ಸೈನ್ ಹಾಕು."