ಯಾವ ತಾರೀಖು ಹಾಕೋಣ

"ಟೀಚರ್, ನೀವೇ ಹೇಳಿಬಿಡಿ. ಅದು ಯುದ್ಧ ಹೌದೋ ಅಲ್ಲವೋ?"

ವಕೀಲ ಕ್ಲೆಮೆನ್ಸ್ ರೂಡ್ ಹೀಗೆ ಕೇಳಿದಾಗ ಕೋರ್ಟಿನ ನೆಲಮಾಳಿಗೆಯಲ್ಲಿ ಕೂತಿದ್ದ ಸ್ಮಾರಕ ಸಮಿತಿಯವರೆಲ್ಲ ಗುದ್ರುನ್ ಕಡೆ ತಿರುಗಿದರು. ಅವಳ ಗಂಡ ಪೇಡರ್ ಮಾತ್ರ ತಿರುಗಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದ. ಗಂಡ ಹೆಂಡತಿ ಒಂದೇ ಟ್ರಕ್ಕಿನಲ್ಲಿ ಬಂದವರು, ಒಳಗೆ ಬಂದಮೇಲೆ ಬೇರೆ ಬೇರೆ ಕಡೆ ಕೂತಿದ್ದರು.

ಮಿನ್ನೆಸೋಟದ ಆ ಪುಟ್ಟ ಊರಿನ ಕೋರ್ಟಿನ ಮುಂದೆ ಹುಲ್ಲಿನ ನಡುವೆ ಒಂದು ಬೂದುಬಣ್ಣದ ಕಲ್ಲು ನಿಂತಿದೆ. ಅದರಲ್ಲಿ ಎರಡು ಪಟ್ಟಿ. ಒಂದರ ನೆತ್ತಿಯ ಮೇಲೆ 'ಯುದ್ಧ ಘೋಷಣೆ: 6 ಏಪ್ರಿಲ್ 1917', ಕೆಳಗೆ ಅದರಲ್ಲಿ ಸತ್ತ ಊರಿನವರ ಒಂಬತ್ತು ಹೆಸರು. ಇನ್ನೊಂದರ ಮೇಲೆ 'ಯುದ್ಧ ಘೋಷಣೆ: 8 ಡಿಸೆಂಬರ್ 1941', ಕೆಳಗೆ ಹದಿನಾಲ್ಕು. ಈಗ ಮೂರನೆಯ ಪಟ್ಟಿ ಬೇಕಾಗಿತ್ತು. ಅದಕ್ಕೆ ಸದ್ಯ ಇದ್ದದ್ದು ಒಂದೇ ಹೆಸರು, ಆರ್ನೆ ಹೌಗೆನ್. ಗುದ್ರುನ್ ಮತ್ತು ಪೇಡರರ ಒಬ್ಬನೇ ಮಗ. ಹದಿನೆಂಟು ತಿಂಗಳ ಹಿಂದೆ ಕೊರಿಯಾದ ಹಿಮದಲ್ಲಿ ಸತ್ತಿದ್ದ. ಅಲ್ಲಿ ನಡೆಯುತ್ತಿದ್ದುದಕ್ಕೆ ವಾಷಿಂಗ್ಟನ್ನಿನವರು ಇಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ.

"ಇದನ್ನ ಅವಳ ಹತ್ರ ಕೇಳ್ತೀಯಲ್ಲೋ, ನಾಚಿಕೆ ಆಗಲ್ವಾ?" ಎಂದ ಸಮಿತಿಯ ಅಧ್ಯಕ್ಷ ಹಾಲ್ವರ್ ಮೋನ್. ಪೇಟೆಯಲ್ಲಿ ಮೊಳೆ, ಸುತ್ತಿಗೆ ಮಾರುವ ಅಂಗಡಿ ಅವನದು; ಮೊದಲನೇ ಯುದ್ಧದಲ್ಲಿ ಎರಡು ಬೆರಳನ್ನು ಫ್ರಾನ್ಸಿನಲ್ಲಿ ಬಿಟ್ಟುಬಂದವನು. "ಗುಂಡು ಹೊಡೆದಿದಾರೆ, ಹುಡುಗ ಸತ್ತಿದಾನೆ. ಯುದ್ಧ ಅಲ್ದೆ ಇನ್ನೇನದು, ಮದುವೆ ದಿಬ್ಬಣಾನಾ?"

"ನಂಗೂ ಆರ್ನೆ ಬೇಕಾದವನೇ, ಹಾಲ್ವರಣ್ಣ. ಆದರೆ ಯುದ್ಧ ಸಾರೋದು ಕಾಂಗ್ರೆಸ್ಸು, ನಾವು ಆರಿಸಿದ ಸಭೆ. ಅದು ಮತ ಹಾಕಿಲ್ಲ. ಏಳನೇ ಕ್ಲಾಸಲ್ಲಿ ನಾನು 'ಅಧ್ಯಕ್ಷರು ಸಾರ್ತಾರೆ' ಅಂತ ಬರೆದಿದ್ದಕ್ಕೆ ಟೀಚರ್ ಹತ್ತು ಸಲ ತಿದ್ದಿ ಬರೆಸಿದಾರೆ."

ಯಾರೋ ನಕ್ಕು, ತಕ್ಷಣ ಕೆಮ್ಮಿದರು.

"ನೋಡಮ್ಮ ಗುದ್ರುನ್," ಹಾಲ್ವರ್ ಅವಳ ಕಡೆ ಬಾಗಿದ. "ಕೆತ್ತೋನು ಸೋಮವಾರ ಬರ್ತಾನೆ. ನೀನು ಒಂದು ಸಲ ಹೂಂ ಅನ್ನು. ನಿನ್ನ ಮಾತಿನ ಮೇಲೆ ಇಲ್ಲಿ ಯಾರೂ ಉಸಿರೆತ್ತಲ್ಲ."

ಹೂಂ ಅನ್ನುವುದು ಎಷ್ಟು ಸುಲಭವಾಗಿತ್ತು! ಇಪ್ಪತ್ತಾರು ವರ್ಷ ಅವಳು ಈ ಊರಿನ ಮಕ್ಕಳಿಗೆ ಸಂವಿಧಾನ ಹೇಳಿಕೊಟ್ಟಿದ್ದಳು. ಆರ್ನೆಯನ್ನು ಸೈನ್ಯಕ್ಕೆ ಕರೆಸಿಕೊಂಡ ತಿಂಗಳು ಪತ್ರಿಕೆಗೆ ಒಂದು ಕಾಗದವನ್ನೂ ಬರೆದಿದ್ದಳು. ನಾವು ಆರಿಸಿ ಕಳಿಸಿದವರು ಎದ್ದು ನಿಂತು, ಹೆಸರು ಹೇಳಿ, ಹೌದು ಅನ್ನದ ಹೊರತು ಯಾರ ಮಗನನ್ನೂ ಸಾಯಲು ಕಳಿಸಬಾರದು ಎಂದು. ಅದು ಅಚ್ಚಾದ ವಾರದ ಭಾನುವಾರವೇ ಚರ್ಚಿನಲ್ಲಿ ಅವಳ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಅವಳು ರಷ್ಯದ ಕಡೆಯವಳು ಎಂದು ಅಂಚೆ ಕಚೇರಿಯಲ್ಲಿ ಯಾರೋ ಅಂದರು. ಪತ್ರಿಕೆಯ ಆ ತುಂಡು ಹೇಗೋ ಹಡಗು ದಾಟಿ ಮಗನ ಕೈಗೂ ಸೇರಿತು. "ಅಮ್ಮಾ, ಇಲ್ಲಿ ಎಲ್ಲಾ ನನ್ನನ್ನ ವಕೀಲ ಅಂತ ಕರೀತಾರೆ. ಬೇಜಾರೇನಿಲ್ಲ" ಎಂದು ಬರೆದಿದ್ದ. ಅದೇ ಅವನ ಕೊನೆಯ ಕಾಗದ. ಪೇಡರ್ ಅದನ್ನು ಓದಿ ಮಡಚಿಟ್ಟವನು ಆಮೇಲೆ ಅವಳೊಡನೆ ಹಸು, ಹವೆ, ಊಟ ಬಿಟ್ಟು ಬೇರೆ ಮಾತಾಡಿರಲಿಲ್ಲ.

ಅವಳು ಎದ್ದು ನಿಂತಳು. ತರಗತಿಯಲ್ಲಿ ನಿಲ್ಲುವ ಹಾಗೆಯೇ, ಕೈಬೆರಳುಗಳನ್ನು ಮೇಜಿಗೆ ಊರಿ.

"ತಾರೀಖು ಯಾವುದು ಹಾಕ್ತೀರಿ?" ಎಂದಳು.

"ಏನು?"

"ಎರಡು ಪಟ್ಟಿಗೂ ತಾರೀಖಿದೆ. ಇದಕ್ಕೆ ಯಾವುದು?"

"ಜೂನ್ ಇಪ್ಪತ್ತೈದು," ಎಂದ ಹಾಲ್ವರ್.

"ಅದು ಉತ್ತರ ಕೊರಿಯಾದವರು ಗಡಿ ದಾಟಿದ ದಿನ. ನಾವು ಹೋಗೋದು ಅಂತ ತೀರ್ಮಾನ ಮಾಡಿದ್ದು ಯಾವತ್ತು? ಯಾರ್ಯಾರು ಕೈ ಎತ್ತಿದ್ರು?" ಅವಳು ಮೇಜಿನ ಮೇಲೆ ಬಾಗಿದಳು. "ಸುಳ್ಳು ಕೆತ್ತಬೇಡಿ, ಹಾಲ್ವರ್. ಇವತ್ತು ಯುದ್ಧ ಅಂತ ಕೆತ್ತಿದ್ರೆ, ಕೇಳದೇ ಕಳಿಸಿದ್ದು ಸರಿ ಅಂತ ನಾನೇ ಒಪ್ಪಿದ ಹಾಗೆ. ನಾಳೆ ಇನ್ನೊಬ್ಬಳ ಮಗನನ್ನ ಹೀಗೇ ಕಳಿಸ್ತಾರೆ."

"ಹಾಗಾದ್ರೆ ಹೆಸರು ಬೇಡವಾ?"

ಅವಳಿಗೆ ಬೇಕು ಎಂದು ಕೂಗಬೇಕೆನಿಸಿತು. ಗೋಡೆಯಾಚೆ ಬಿಸಿನೀರಿನ ಕೊಳವೆ ಟಕಟಕ ಸದ್ದು ಮಾಡುತ್ತಿತ್ತು.

ಆಗ ಬಾಗಿಲ ಹತ್ತಿರ ಕುರ್ಚಿ ಕಿರುಗುಟ್ಟಿತು. ಪೇಡರ್ ಎದ್ದಿದ್ದ. ಊರಿನ ಸಭೆಗಳಲ್ಲಿ ಎಂದೂ ಬಾಯಿಬಿಟ್ಟವನಲ್ಲ.

"ನವೆಂಬರ್ ಮೂವತ್ತು ಹಾಕಿ," ಎಂದ. "ಅವನು ಸತ್ತ ದಿನ. ಅದನ್ನ ಸುಳ್ಳು ಅನ್ನೋರು ಯಾರೂ ಇಲ್ಲವಲ್ಲ. ಮೇಲೆ ಯುದ್ಧ ಗಿದ್ಧ ಅಂತ ಏನೂ ಬರೀಬೇಡಿ."

ಹೆಂಡತಿಯ ಕಡೆ ನೋಡದೆ ಟೋಪಿ ಹಾಕಿಕೊಂಡು ಹೊರಟುಹೋದ. ಅವಳು ಮೆಟ್ಟಿಲು ಹತ್ತಿ ಬೀದಿಗೆ ಬಂದಾಗ ಟ್ರಕ್ಕು ಅಲ್ಲೇ ಇತ್ತು, ಕೀಲಿಯೂ ಅದರಲ್ಲೇ ಇತ್ತು. ಪೇಡರ್ ಮೂರು ಮೈಲಿ ದೂರದ ಮನೆಗೆ ಜೋಳದ ಹೊಲಗಳ ನಡುವೆ ನಡೆದು ಹೋಗುತ್ತಿದ್ದ. ಅವಳು ಟ್ರಕ್ಕು ಹೊರಡಿಸಿ, ಅವನ ಪಕ್ಕದಲ್ಲಿ ನಿಧಾನಿಸಿ ಕಿಟಕಿ ಇಳಿಸಿದಳು.

"ಹತ್ತಿ."

"ನಡೀತೀನಿ. ನೀನು ಹೋಗು."

ಸೋಮವಾರ ಅವಳು ಶಾಲೆಯಲ್ಲಿದ್ದಳು. ಮಧ್ಯಾಹ್ನ ಊರ ನಡುವಿನಿಂದ ಉಳಿಯ ಸದ್ದು ಕೇಳಿಸಿತು. ಎಂಟನೇ ತರಗತಿಯವರು ಅವಳ ಮುಖ ನೋಡಿ ತಲೆ ತಗ್ಗಿಸಿದರು. ಅವಳು ಕಿಟಕಿ ಮುಚ್ಚಲಿಲ್ಲ, ಪಾಠ ಮುಂದುವರಿಸಿದಳು.

ಸಂಜೆ ಆಲೂಗಡ್ಡೆ ಬೇಯಿಸಿ ಮುಗಿಸುವ ಹೊತ್ತಿಗೆ ಪೇಡರ್ ಬಂದ. ದಿನವಿಡೀ ಕೆತ್ತುವವನ ಪಕ್ಕದಲ್ಲಿ ನಿಂತು ಮಗನ ಹೆಸರು, ನವೆಂಬರ್ ಮೂವತ್ತು, ಇಷ್ಟೇ ಇದ್ದ ಅಚ್ಚಿನ ಕಾಗದವನ್ನು ಕಲ್ಲಿಗೆ ಒತ್ತಿ ಹಿಡಿದಿದ್ದನಂತೆ, ಹಾಲ್ವರ್ ಫೋನಿನಲ್ಲಿ ಹೇಳಿದ್ದ. ಅವನ ಹುಬ್ಬು, ಮುಂಗೈ, ಅಂಗಿಯ ತೋಳು ಎಲ್ಲ ಬೂದುಬಣ್ಣದ ಪುಡಿ. ಅಂಗಳದ ಪಂಪಿನ ಬಳಿ ನಿಂತು ತುಂಬಾ ಹೊತ್ತು ಕೈ ತೊಳೆದ. ಗುದ್ರುನ್ ಒಗೆದ ಟವೆಲನ್ನು ಹಿಡಿದು ಜಾಲರಿ ಬಾಗಿಲ ಒಳಗೆ ನಿಂತಿದ್ದಳು.

ಅವನು ಒದ್ದೆ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಹಸುಗಳನ್ನು ಒಳಗೆ ಹೊಡೆಯಲು ಕೊಟ್ಟಿಗೆಯ ಕಡೆ ನಡೆದ.