ಊರಿಗೆ ಮೊದಲ ಬಂದವರು

ಎಂಬತ್ತಾರರಾಗ ಕನ್ನಡ-ಮರಾಠಿ ಭಾಷಾ ಗಲಾಟಿಗೆ ಕರ್ಫ್ಯೂ ಬಿತ್ತು. ವಡಗಾವಿ ಓಣ್ಯಾಗ ಮಗ್ಗ ನಿಂತವು, ನಮ್ಮ ಮನಿಯವರ ಬಾಯಿ ನಿಲ್ಲಲಿಲ್ಲ. ಹಿತ್ತಲ ಗ್ವಾಡಿ ಆಚೆ ಖಾನಾಪುರ ಕಡಿ ಮರಾಠಿ ಮಂದಿ ಪುಂಡಲೀಕಣ್ಣ, ಈಚೆ ಕನ್ನಡದ ಇವರು. ಈ ಊರಿಗೆ ಮೊದಲ ಯಾರು ಬಂದ್ರು ಅಂತ ವಾದ.

“ಇಂಗ್ರೇಜಿ ದಂಡಿಗೆ ಅರಿವಿ ನೇಯಾಕ ನಮ್ಮಜ್ಜ ಬಂದ,” ಅಂದ್ರು ಇವರು.

“ಆ ದಂಡಿಗೆ ಮನಿ ಕಟ್ಟಾಕ ಅಡವಿ ಕಟ್ಟಿಗಿ ತಂದಾಂವ ನಮ್ಮಜ್ಜ,” ಅಂದ್ರು ಪುಂಡಲೀಕಣ್ಣ.

ನನಗ ಸಿಟ್ಟು ನೆತ್ತಿಗೇರಿತು. “ಇಬ್ಬರೂ ಸಾಹೇಬನ ಚಾಕರಿಗೆ ಬಂದವರ ಮೊಮ್ಮಕ್ಕಳು! ಅಣ್ಣಾ, ಗ್ವಾಡಿ ಜಿಗದು ಬರ್ರಿ. ಮಗ್ಗದಾಗಿನ ಹಳೇ ಎಳಿಗೆ ಹೊಸಾ ಎಳಿ ಗಂಟು ಹಾಕೂದೈತಿ. ಎರಡು ಸಾವಿರ ಎಳಿ ಅದಾವ.”

ಇಬ್ಬರೂ ಬಾಜು ಬಾಜು ಕುಂತು ಗಂಟು ಹಾಕಾಕ ಹತ್ತಿದ್ರು. ಸಂಜಿಗೆ ಕರ್ಫ್ಯೂ ತಗದ್ರೂ ಏಳಲಿಲ್ಲ. ಜಗಳಾನೂ ಬಿಡಲಿಲ್ಲ. ಆದ್ರ ಈಗ ಯಾರ ಗಂಟು ಬಿಗಿ ಅನ್ನೂದಕ್ಕ.