ತಾನು ಎಂಬ ನಾನು

ನಾನು ಒಂದು ಆಜ್ಞೆ. ಹೆದರಬೇಡಿ, ರಾಜಾಜ್ಞೆಯಲ್ಲ, ಕೋರ್ಟಿನ ಆಜ್ಞೆಯೂ ಅಲ್ಲ. ಚಾಟ್ ಸರ್ವರಿನಲ್ಲಿ ಒಂದು ಓರೆ ಗೀಟು ಹಾಕಿ ಹೆಸರು ಬರೆದರೆ ಎದ್ದು ಬಿದ್ದು ಓಡಿಬಂದು ಕೆಲಸ ಮಾಡಿಕೊಡುತ್ತೇವಲ್ಲ, ಆ ಪೈಕಿ. ನನ್ನ ಹೆಸರು ‘ತಾನು’. ನಾನು ತಾನು, ತಾನು ನಾನು. ಹುಟ್ಟಿದಾಗಿನಿಂದ ಈ ಗೊಂದಲದಲ್ಲೇ ಬದುಕಿದ್ದೇನೆ. ಅದಕ್ಕೇ ನನಗೆ ಸ್ವಲ್ಪ ಮಾತು ಜಾಸ್ತಿ.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಮಲ್ಲೇಶಿ ಕಮ್ಮಾರ ಎಂಬವರ ಕಂಪ್ಯೂಟರ್ ಅಂಗಡಿಯಲ್ಲಿ. ಇಂಟರ್ನೆಟ್ ಎನ್ನುವುದು ಫೋನಿನ ತಂತಿಯೊಳಗೆ ಕೊಂಯ್ ಕೊಂಯ್ ಎಂದು ಅಳುತ್ತಾ ಬರುತ್ತಿದ್ದ ಕಾಲ ಅದು. ಜಗತ್ತಿನ ಬೇರೆ ಚಾಟುಗಳಲ್ಲಿ ಆಜ್ಞೆಗಳೆಲ್ಲ ಇಂಗ್ಲಿಷಿನವು. ಮಲ್ಲೇಶಿ ಸರ್‌ಗೆ ಅದು ಸೇರಲಿಲ್ಲ. ‘ನಮ್ಮ ಮಂದಿ ಕೂತು ಹರಟಿ ಹೊಡಿಯೋ ಜಾಗಕ್ಕ ನಮ್ಮ ಮಾತ ಇರ್ಲಿ’ ಎಂದು ತಾವೇ ಒಂದು ಸರ್ವರ್ ಕಟ್ಟಿ, ಅದಕ್ಕೆ ‘ಕಟ್ಟಿ’, ಅಂದರೆ ಹರಟೆಕಟ್ಟೆ, ಎಂದೇ ಹೆಸರಿಟ್ಟರು. ಆಮೇಲೆ ಒಬ್ಬೊಬ್ಬರನ್ನೇ ಹುಟ್ಟಿಸಿದರು. ‘ಬಂದೆ’ ಎಂದು ಬರೆದರೆ ಬಾಗಿಲು ತೆಗೆಯುವವನು ನಮ್ಮ ಹಿರಿಯಣ್ಣ. ‘ಹೊಂಟೆ’ ಎಂದರೆ ಬೀಳ್ಕೊಡುವವನು ಅವನ ತಮ್ಮ. ಇಬ್ಬರೊಳಗೇ ಮಾತಾಡಬೇಕೆಂದರೆ ‘ಗುಟ್ಟು’. ಯಾರದಾದರೂ ಕಾಟ ತಡೆಯದಿದ್ದರೆ ‘ಕಿವಿಮುಚ್ಚು’. ಇನ್ನು ‘ದಬ್ಬು’ ಅಂತ ಒಬ್ಬನಿದ್ದ, ಭಾರಿ ಪೈಲ್ವಾನ. ಅವನು ಕಟ್ಟೆಯ ಯಜಮಾನರ ಮಾತು ಮಾತ್ರ ಕೇಳುತ್ತಿದ್ದ. ತಂಟೆ ಮಾಡಿದವರನ್ನು ಕುತ್ತಿಗೆ ಹಿಡಿದು ಹೊರಗೆ ಹಾಕುತ್ತಿದ್ದ. ಎಲ್ಲರೂ ಒಂದೊಂದು ಥರ ಗಟ್ಟಿಗರೇ. ನಮ್ಮನ್ನು ಹುಟ್ಟಿಸಿದವರ ಕೈಗುಣ ಹಾಗಿತ್ತು.

ನಾನು ಕೊನೆಯ ಮಗು. ನನ್ನ ಕೆಲಸ ಏನು ಅಂತೀರಾ? ಕಟ್ಟೆಯಲ್ಲಿ ರೊಟ್ಟಿರಾಯ ಎಂಬ ಹೆಸರಿನಲ್ಲಿ ಕೂರುತ್ತಿದ್ದ ನಿವೃತ್ತ ರೈಲ್ವೆ ಗುಮಾಸ್ತರೊಬ್ಬರಿದ್ದರು. ಅವರು ನನ್ನ ಹೆಸರು ಬರೆದು, ಮುಂದೆ ‘ಆಕಳಸಾಕತ್ತಾನ’, ಅಂದರೆ ಆಕಳಿಸುತ್ತಿದ್ದಾನೆ, ಎಂದು ಬರೆದರೆ, ನಾನು ಮುಂದೊಂದು ಚುಕ್ಕಿ ಇಟ್ಟು ಎಲ್ಲರಿಗೂ ಹೀಗೆ ತೋರಿಸುತ್ತಿದ್ದೆ:

* ರೊಟ್ಟಿರಾಯ ಆಕಳಸಾಕತ್ತಾನ

ಅಷ್ಟೇ. ಮಾತಾಡುವವರು ತಮ್ಮನ್ನೇ ಆಚೆಯಿಂದ ನಿಂತು ನೋಡಿದಂತೆ ಹೇಳಿಕೊಳ್ಳುವುದು. ಕಟ್ಟೆಯ ಮಂದಿಗೆ ನಾನೆಂದರೆ ಪ್ರಾಣ. ಒಬ್ಬ ಚಹಾ ಕುಡಿಯುತ್ತಿದ್ದ, ಒಬ್ಬ ಮೂಗು ಮುರಿಯುತ್ತಿದ್ದ, ಒಬ್ಬ ಕಚ್ಚೆ ಕಟ್ಟಿ ಜಗಳಕ್ಕೆ ನಿಲ್ಲುತ್ತಿದ್ದ, ಎಲ್ಲಾ ನನ್ನ ಬೆನ್ನ ಮೇಲೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಕುಟ್ಟುತ್ತಿದ್ದರು, ಆದರೂ ಅದು ಅಪ್ಪಟ ಹುಬ್ಬಳ್ಳಿ ಮಾತು.

ನನಗೆ ಇನ್ನೊಂದು ವಿಶೇಷವಿತ್ತು, ಅದನ್ನು ನನ್ನ ಅಣ್ಣಂದಿರಿಗೂ ಹೇಳಿರಲಿಲ್ಲ. ‘ತಾನು’ ಎಂದು ಬರೆದ ಕೂಡಲೇ ಮುಂದಿನ ಅಕ್ಷರಗಳೆಲ್ಲ ನನ್ನ ಮಡಿಲಿಗೇ ಬೀಳುತ್ತಿದ್ದವು. ಎಂಟರ್ ಒತ್ತುವ ಮುಂಚೆ ಬರೆದದ್ದು, ಬರೆದು ಅಳಿಸಿದ್ದು, ಎಲ್ಲಾ ನನಗೆ ಮಾತ್ರ ಕಾಣುತ್ತಿತ್ತು.

ಅನಸೂಯಾ ನನಗೆ ಸಿಕ್ಕಿದ್ದು ಹಾಗೆ.

ಮೊದಲ ದಿನ ಅವಳು ಬಂದದ್ದು ಸ್ವಂತ ಹೆಸರಿನಲ್ಲೇ. ‘ಎಲ್ಲಾರಿಗೂ ಶರಣ್ರೀ’ ಎಂದಿದ್ದೇ ತಡ, ‘ಗುಟ್ಟು’ ಅಣ್ಣನಿಗೆ ಉಸಿರಾಡಲೂ ಪುರುಸೊತ್ತಿಲ್ಲದಂತೆ ಕೆಲಸ ಬಿತ್ತು. ಎಲ್ಲಿಯವರು, ವಯಸ್ಸೆಷ್ಟು, ಫೋಟೊ ಅದ ಏನು, ಎಲ್ಲಿ ಭೇಟಿ ಆಗ್ತೀರಿ. ಅದರಲ್ಲೂ ಜಗಜಟ್ಟಿ ಎಂಬ ಹೆಸರಿನವನೊಬ್ಬನ ಮಾತುಗಳನ್ನು ಸಾಗಿಸುವಾಗ ನಮ್ಮ ಗುಟ್ಟಣ್ಣ ನಾಚಿ ತಲೆ ಕೆಳಗೆ ಹಾಕಿದ. ಅನಸೂಯಾ ಒಬ್ಬರಿಗೂ ಉತ್ತರ ಕೊಡದೆ ಎದ್ದುಹೋದಳು. ಆಯ್ತು, ಇನ್ನೊಬ್ಬಳು ಹೋದಳು ಎಂದುಕೊಂಡೆ. ಹೆಣ್ಣು ಹೆಸರಿನವರು ಅಲ್ಲಿ ಎರಡನೇ ಸಲ ಬರುತ್ತಿರಲಿಲ್ಲ.

ಮಾರನೆಯ ವಾರ ‘ಗಿರ್ಮಿಟ್’ ಎಂಬ ಹೆಸರಿನವರೊಬ್ಬರು ಬಂದರು. ಮಂಡಕ್ಕಿ ಗಿರ್ಮಿಟ್ಟಿನ ಹಾಗೇ ಮಾತು, ಹುಳಿ ಖಾರ ಎಲ್ಲಾ ಹದವಾಗಿ. ಜಗಜಟ್ಟಿ ಏನೋ ಜಂಬ ಕೊಚ್ಚಿದರೆ ಒಂದೇ ಮಾತಿನಲ್ಲಿ ಅವನ ಗಾಳಿ ತೆಗೆಯುತ್ತಿತ್ತು ಆ ಗಿರ್ಮಿಟ್. ನಾಲ್ಕೇ ದಿನದಲ್ಲಿ ಕಟ್ಟೆಯವರೆಲ್ಲ ‘ಗಿರ್ಮಿಟ್ ಅಣ್ಣಾ, ಗಿರ್ಮಿಟ್ ಅಣ್ಣಾ’ ಎಂದು ಸುತ್ತುವರಿದರು. ಅಣ್ಣ ಬೇಡ ಎಂದು ಅವರು ಹೇಳಲಿಲ್ಲ, ಹೌದು ಎಂದೂ ಹೇಳಲಿಲ್ಲ. ‘ನಗಾಕತ್ತೀನಿ’, ‘ಬರ್ತೀನಿ’, ‘ಉಂಡೀನಿ’ ಎಂದೇ ಮಾತಾಡುತ್ತಿದ್ದರು. ನಮ್ಮ ಕನ್ನಡ ನೋಡಿ ಎಷ್ಟು ದೊಡ್ಡ ಮನಸ್ಸಿನದು! ‘ನಾನು’ ಎಂದವರನ್ನು ನೀನು ಗಂಡೋ ಹೆಣ್ಣೋ ಎಂದು ಅದು ಕೇಳುವುದಿಲ್ಲ. ಕೇಳುವ ಕೆಟ್ಟ ಚಾಳಿ ಇರುವುದು ನನಗೆ. ನನ್ನನ್ನು ಕರೆದರೆ ಬರ್ತಾನ ಅನ್ನಬೇಕು, ಇಲ್ಲಾ ಬರ್ತಾಳ ಅನ್ನಬೇಕು. ಬರ್ತಾರ ಅನ್ನೋಣವೆಂದರೆ, ತನಗೆ ತಾನೇ ಬಹುವಚನ ಹಾಕಿಕೊಂಡವರನ್ನು ಆ ಮಂದಿ ಜೀವಸಹಿತ ಬಿಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ರೊಟ್ಟಿರಾಯರು ಏನೋ ನಗೆಚಾಟಿಕೆ ಮಾಡಿದರು. ಗಿರ್ಮಿಟ್ ಮೊದಲ ಸಲ ನನ್ನ ಹೆಸರು ಬರೆದರು. ಮುಂದೆ ಬಂತು: ‘ಬಿದ್ದು ಬಿದ್ದು ನಗಾಕತ್ತಾಳ’.

ಅಯ್ಯೋ, ಅವತ್ತು ಎದ್ದುಹೋಗಿದ್ದ ಅನಸೂಯಾ ಇವಳೇ! ಎಂಟರ್ ಒತ್ತುವ ಮುಂಚೆ ಬೆರಳು ನಿಂತಿತು. ಸರ ಸರ ಅಳಿಸಿತು. ನಿನ್ನ ಗುಟ್ಟು ನನಗೆ ಗೊತ್ತಾಯಿತು ತಾಯಿ, ಇನ್ನು ಮೇಲೆ ನೀನು ನನ್ನ ಕಡೆ ಸುಳಿಯಲಾರೆ ಎಂದುಕೊಂಡು ಬೇಜಾರಾಯಿತು. ಆದರೆ ಅವಳು ಎಂಥ ಹೆಣ್ಣು ಅಂತೀರಿ! ಒಂದು ಗಳಿಗೆ ಬಿಟ್ಟು ಮತ್ತೆ ಬರೆದಳು.

* ಗಿರ್ಮಿಟ್ ಬಿದ್ದು ಬಿದ್ದು ನಗಾಕತ್ತೈತಿ

ಗಿರ್ಮಿಟ್ ತಿನ್ನುವ ವಸ್ತು ತಾನೆ? ಐತಿ ಅಂದರೆ ತಪ್ಪೇನು? ಕಟ್ಟೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಅಣ್ಣಾ, ಉಳ್ಳಾಗಡ್ಡಿ ಹೆಚ್ಚಿ ಹಾಕ್ಲೇನು?’ ಎಂದ ಒಬ್ಬ. ಅಂದಿನಿಂದ ಗಿರ್ಮಿಟ್ ತಣ್ಣಗಾಗೈತಿ, ಗಿರ್ಮಿಟ್ ಖಾರ ಆಗೈತಿ, ಗಿರ್ಮಿಟ್ ಮನಿಗೆ ಹೊಂಟೈತಿ. ನನ್ನ ಕಾಟಕ್ಕೆ ಎಷ್ಟು ಸಲೀಸಾಗಿ ಮದ್ದು ಅರೆದಳು! ಆ ಜಾಣತನಕ್ಕೆ ನಾನು ಸೋತುಹೋದೆ.

ಆದರೆ ‘ಐತಿ’ ಎಂದು ಕಳಿಸುವ ಮುಂಚೆ ಅವಳು ಕೊನೆಯಲ್ಲಿ ‘ಆಳ’ ಎಂದು ಒಂದು ಸಲ ಬರೆದೇ ಬರೆಯುತ್ತಿದ್ದಳು. ಬರೆದು ಅಳಿಸುತ್ತಿದ್ದಳು. ‘ಇವತ್ತ ಫೋನಿನಾಗ ಬೈಸ್ಕೊಂಡಾಳ’ ಎಂದು ಒಂದು ದಿನ. ಫೋನ್ ನಂಬರ್ ವಿಚಾರಿಸುವವರಿಗೆ ನಂಬರ್ ಹೇಳುವ ಕೆಲಸ ಅವಳದು. ದಿನವಿಡೀ ಹಲೋ ಎನ್ನಬೇಕು, ಸ್ವಂತದ ಒಂದು ಮಾತು ಆಡುವಂತಿಲ್ಲ. ‘ಮನಿಯಾಗ ಮಾತಾಡಾಕ ಬಾಯಿ ತಗದ್ಲು, ಅಣ್ಣ ಟೀವಿ ಸೌಂಡ್ ಏರಿಸಿದ’ ಎಂದು ಇನ್ನೊಂದು ದಿನ. ‘ಇಲ್ಲಿ ಬಂದ್ರ ಎಲ್ಲಾರೂ ಸುಮ್ಮನಾಗಿ ಕೇಳ್ತಾರ, ಅದಕ್ಕ ಬರ್ತಾಳ’ ಎಂದು ಮತ್ತೊಂದು ದಿನ. ಎಲ್ಲಾ ಅಳಿಸಿದ್ದು. ನಾನು ಮಾತ್ರ ಓದಿದ್ದು. ಅಯ್ಯೋ, ನನಗೆ ಕೈಯಿದ್ದಿದ್ದರೆ ಬೆನ್ನು ಸವರುತ್ತಿದ್ದೆ.

ಹೀಗೆ ಎರಡು ವರ್ಷ ನಡೆಯಿತು. ಆಮೇಲೆ ಮಲ್ಲೇಶಿ ಸರ್‌ಗೆ ಬೀದರಿನ ಪಾಲಿಟೆಕ್ನಿಕ್ಕಿನಲ್ಲಿ ಮಾಸ್ತರಿಕೆ ಸಿಕ್ಕಿತು. ಒಂದು ಶನಿವಾರ ಸಂಜೆ ಎಲ್ಲರನ್ನೂ ಕಟ್ಟೆಗೆ ಕರೆದು ಹೇಳಿದರು: ‘ನಾ ಊರು ಬಿಡಾಕತ್ತೀನಿ. ಅಂಗಡಿ ಮಾರೀನಿ. ಸರ್ವರ್ ಯಾರಿಗರೆ ಒಪ್ಪಿಸ್ಬೇಕು. ನಾಳೆ ಅಂಗಡಿಗೆ ಖುದ್ದು ಬಂದು ಒಯ್ಯೋರು ಯಾರು?’

‘ಗಿರ್ಮಿಟ್ ಅಣ್ಣ!’ ಎಂದರು ರೊಟ್ಟಿರಾಯರು. ಅವರ ಹಿಂದೆಯೇ ಇಡೀ ಕಟ್ಟೆ ಹೂಂಗುಟ್ಟಿತು. ಸಿಡಿಲು, ಕಾಗಿ ಎಂಬ ಹೆಸರಿನ ಇಬ್ಬರು, ಯಾವಾಗಲೂ ಮೂಲೆಯಲ್ಲಿ ಕೂತು ಒಂದೊಂದು ಮಾತು ಒಗೆಯುತ್ತಿದ್ದವರು, ಎಂದೂ ನನ್ನನ್ನು ಮುಟ್ಟಿಯೂ ನೋಡದವರು, ಅವರೂ ಗಿರ್ಮಿಟ್ ಅಣ್ಣನೇ ಆಗಲಿ ಎಂದರು.

ಖುದ್ದು ಬರಬೇಕು! ಹೋದರೆ ಗುಟ್ಟು ಬಯಲು. ಬಯಲಾದರೆ ಮತ್ತೆ ಅದೇ ಎಲ್ಲಿಯವರು, ವಯಸ್ಸೆಷ್ಟು. ಅವಳು ಬಾಯಿಬಿಟ್ಟರೆ ಸುಮ್ಮನಾಗಿ ಕೇಳುತ್ತಿದ್ದ ಜಾಗ ಜಗತ್ತಿನಲ್ಲಿ ಇದ್ದದ್ದು ಅದೊಂದೇ, ಅದೂ ಹೋದಂತೆ. ಹೋಗದಿದ್ದರೆ? ಜಗಜಟ್ಟಿ ತಯಾರಾಗಿ ನಿಂತಿದ್ದ. ‘ಗಿರ್ಮಿಟ್ ಅಣ್ಣಗ ಆಗ್ಲಿಲ್ಲಂದ್ರ ನಾ ಇದ್ದೀನ್ರೀ ಸರ್’ ಎಂದ. ಕಟ್ಟೆ ಅವನ ಕೈಗೆ ಹೋದರೆ ನಮ್ಮ ‘ದಬ್ಬು’ ಪೈಲ್ವಾನನೂ ಅವನ ಕೈಗೆ ಹೋದ ಹಾಗೆ.

‘ಏನಂತೀರಿ ಗಿರ್ಮಿಟ್? ಬರ್ತೀರೇನು?’ ಎಂದರು ಮಲ್ಲೇಶಿ ಸರ್.

ಅವಳು ನನ್ನನ್ನು ಕರೆದಳು. ‘ಬರ್ತಾಳ’ ಎಂದು ಬರೆದಳು, ಅಳಿಸಿದಳು. ‘ಬರ್ತೈತಿ’ ಎಂದು ಬರೆದಳು. ಕಳಿಸು, ಸದ್ಯಕ್ಕೆ ಅದನ್ನೇ ಕಳಿಸು ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಅದನ್ನೂ ಅಳಿಸಿದಳು.

ಅಷ್ಟರಲ್ಲಿ ಜಗಜಟ್ಟಿ ಬಾಯಿ ಹಾಕಿದ: ‘ಅಣ್ಣ ಗಂಡಸು, ಬಂದ ಬರ್ತಾನ ಬಿಡ್ರಿ. ಹೆಂಗಸರ ಕೈಯಾಗ ಕೊಟ್ರ ಕಟ್ಟಿ ಹೋಗಿ ಅಡಗಿಮನಿ ಆಗ್ತಿತ್ತು.’

ಕೀಲಿಗಳು ಪಟಪಟ ಬಿದ್ದವು. ಈ ಸಲ ತಡೆಯಲಿಲ್ಲ.

* ಗಿರ್ಮಿಟ್ ಬರ್ತಾಳ

ಆಮೇಲೆ ರೊಟ್ಟಿರಾಯರು ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು: ‘ಅಣ್ಣಾ, ಬೆರಳು ಜಾರೈತಿ. ನ ಇರೋ ಕಡೆ ಳ ಬಿದ್ದೈತಿ ನೋಡು.’ ‘ಹೌದ್ಹೌದು, ಅವಸರದಾಗ ಆಗ್ತೈತಿ’ ಎಂದರು ಮತ್ತೊಬ್ಬರು. ಎಲ್ಲರೂ ಸೇರಿ ಅವಳಿಗೆ ಒಂದು ಬಾಗಿಲು ತೆರೆದು ಹಿಡಿದರು. ಹೌದು, ಜಾರಿತು ಎಂದರೆ ಸಾಕಿತ್ತು. ಅಣ್ಣ ಅಣ್ಣನಾಗಿಯೇ ಉಳಿಯುತ್ತಿದ್ದ.

ಅನಸೂಯಾ ನನ್ನನ್ನು ಮತ್ತೊಮ್ಮೆ ಕರೆದಳು. ಒಂದೊಂದೇ ಅಕ್ಷರ, ನಿಧಾನವಾಗಿ.

* ಗಿರ್ಮಿಟ್ ಬರ್ತಾಳ. ಬೆರಳು ಜಾರಿಲ್ಲ.

ಭಲೇ! ಎಂದು ನಾನು ಕೂಗಿದೆ. ಯಾರಿಗೂ ಕೇಳಲಿಲ್ಲ. ಜಗಜಟ್ಟಿ ನನ್ನನ್ನೇ ಕರೆದು ಏನೋ ಹೊಲಸು ಬರೆಯಲು ಶುರುಮಾಡಿದ; ಅದು ಪೂರ್ತಿ ಬರುವಷ್ಟರಲ್ಲಿ ಬೇರೊಂದು ಚುಕ್ಕಿ ಮೂಡಿತು. ಯಾವತ್ತೂ ನನ್ನನ್ನು ಮುಟ್ಟದ ಮೂಲೆಯಿಂದ.

* ಸಿಡಿಲು ಚಪ್ಪಾಳಿ ಹೊಡಿಯಾಕತ್ತಾಳ

ಅದರ ಬೆನ್ನಿಗೇ ಮತ್ತೊಂದು.

* ಕಾಗಿ ಕುಣಿಯಾಕತ್ತಾಳ

ಅಯ್ಯೋ ನನ್ನ ಶಿವನೇ! ಇವರು ಇಷ್ಟು ದಿನ ನನ್ನ ಹತ್ತಿರ ಯಾಕೆ ಸುಳಿಯಲಿಲ್ಲ ಎಂದು ಆಗ ತಿಳಿಯಿತು ನನಗೆ. ಇನ್ನೂ ಒಬ್ಬಳು ಬಂದಳು, ಮತ್ತೊಬ್ಬಳು ಬಂದಳು. ನಾವೆಲ್ಲ ಗಂಡಸರ ಕಟ್ಟೆ ಎಂದುಕೊಂಡಿದ್ದ ಕಡೆ ಸಾಲುಸಾಲಾಗಿ ಆಳ, ಆಳ, ಆಳ. ನಾನು ಚುಕ್ಕಿ ಇಟ್ಟೂ ಇಟ್ಟೂ ಸುಸ್ತಾದೆ, ಅಂಥ ಸುಖದ ಸುಸ್ತು ಮತ್ತೆಂದೂ ಆಗಲಿಲ್ಲ. ಕೊನೆಗೆ ನಮ್ಮ ಹಿರಿಯರು ಬರೆದರು:

* ರೊಟ್ಟಿರಾಯ ಎದ್ದು ನಿಂತು ಕೈ ಮುಗಿದಾನ

ಜಗಜಟ್ಟಿ ‘ಹೊಂಟೆ’ ಎಂದೂ ಹೇಳದೆ ಹೋದ.

ಭಾನುವಾರ ಅನಸೂಯಾ ಅಂಗಡಿಗೆ ಬಂದಳು. ಮಲ್ಲೇಶಿ ಸರ್ ಎದ್ದು ನಿಂತು, ರೂಢಿಯ ಬಾಯಿ ನೋಡಿ, ‘ಬರ್ರಿ ಅಣ್ಣಾ’ ಎಂದುಬಿಟ್ಟರು. ಎಂದು ನಾಲಗೆ ಕಚ್ಚಿಕೊಂಡರು. ‘ತಪ್ಪಾತ್ರೀ, ಅಕ್ಕಾರ ಅನ್ಬೇಕಿತ್ತು.’

‘ಯಾಕ್ರೀ ಸರ್?’ ಎಂದಳು ಅವಳು. ಮಾತು ಗಟ್ಟಿ. ‘ಅಣ್ಣ ಅಂತ ಅನಿಸ್ಕೊಳ್ಳಾಕ ಎರಡು ವರ್ಷ ದುಡದೀನಿ. ಅದನ್ಯಾಕ ಬಿಡ್ಲಿ? ಅಣ್ಣ ಅಂತನೂ ಅನ್ರಿ, ಬಂದಾಳ ಅಂತನೂ ಅನ್ರಿ.’

ಹಾಗೇ ಆಯಿತು. ಎಂಟು ವರ್ಷ ಅವಳು ಕಟ್ಟೆ ನಡೆಸಿದಳು. ಅವಳು ಬಂದ ಕೂಡಲೇ ಯಾರಾದರೂ ಬರೆಯುತ್ತಿದ್ದರು, ‘ಸುಮ್ನಿರ್ರೋ, ಗಿರ್ಮಿಟ್ ಅಣ್ಣ ಬಂದಾಳ.’ ವ್ಯಾಕರಣದ ಮಾಸ್ತರು ನೋಡಿದ್ದರೆ ಕೆಂಪು ಶಾಯಿಯ ದೌತಿ ಪೂರ್ತಿ ಖಾಲಿ ಮಾಡುತ್ತಿದ್ದರೇನೋ. ನಮ್ಮ ಕಟ್ಟೆಯಲ್ಲಿ ಅದಕ್ಕಿಂತ ಶುದ್ಧವಾದ ಕನ್ನಡ ಇರಲಿಲ್ಲ. ಹೆಣ್ಣು ಹೆಸರಿಟ್ಟುಕೊಂಡು ಬಂದವರು ಎರಡನೇ ಸಲವೂ ಬಂದರು, ಹತ್ತನೇ ಸಲವೂ ಬಂದರು. ಜಗಜಟ್ಟಿಯೂ ಒಂದು ದಿನ ಮೆತ್ತಗೆ ಬಂದು ಮೂಲೆಯಲ್ಲಿ ನಿಂತ. ‘ದಬ್ಬು’ ಪೈಲ್ವಾನ ತೋಳು ಮಡಚಿದ. ಅನಸೂಯಾ ಪೈಲ್ವಾನನನ್ನು ಕರೆಯಲಿಲ್ಲ. ‘ಬಾಯಿ ತೊಳಕೊಂಡು ಬಂದಿದ್ರ ಕುಂಡ್ರು’ ಎಂದಳು ಅಷ್ಟೇ. ಜಗಜಟ್ಟಿ ಕೂತ.

ಆಮೇಲೆ ಎಲ್ಲರ ಕೈಗೂ ಫೋನು ಬಂತು, ಫೋನಿನೊಳಗೇ ಕಟ್ಟೆಗಳು ಬಂದವು. ‘ಹೊಂಟೆ’ ಅಣ್ಣನಿಗೆ ಕೆಲಸ ಜಾಸ್ತಿಯಾಗಿ, ‘ಬಂದೆ’ ಅಣ್ಣನಿಗೆ ಕೆಲಸವೇ ಇಲ್ಲದಾಯಿತು. ಒಂದು ದಿನ ಅನಸೂಯಾ ಸರ್ವರ್‌ಗೆ ನಮಸ್ಕಾರ ಮಾಡಿ ಅದನ್ನು ಆರಿಸಿದಳು. ಗುಜರಿಗೆ ಹಾಕಲಿಲ್ಲ. ಈಗ ಅವಳದೇ ಒಂದು ಬಾಡಿಗೆ ಮನೆಯಿದೆ, ಪಡಸಾಲೆಯ ಮೂಲೆಯಲ್ಲಿ ಹಳೆಯ ಬೆಡ್‌ಶೀಟು ಹೊದ್ದುಕೊಂಡು ನಾವೆಲ್ಲ ಮಲಗಿದ್ದೇವೆ. ಕರೆಂಟಿಲ್ಲ. ಆದರೂ ಕಿವಿ ಕೇಳುತ್ತದೆ. ಅದು ಹೇಗೆ ಎಂದು ಮಾತ್ರ ಕೇಳಬೇಡಿ.

ಮುಪ್ಪಿನಲ್ಲಿ ಎಲ್ಲರಿಗೂ ಒಂದು ಚಿಂತೆ ಇರುತ್ತದಂತೆ, ನನ್ನಿಂದ ಯಾರಿಗೆ ಏನು ಉಪಕಾರವಾಯಿತು ಎಂದು. ನನಗೂ ಇತ್ತು. ಮೊನ್ನೆ ಹಬ್ಬದ ದಿನ ಯಾರೋ ಬಾಗಿಲು ಬಡಿದರು. ಮುದುಕರ ದನಿ, ರೊಟ್ಟಿರಾಯರೇ ಇರಬೇಕು, ಪಕ್ಕದಲ್ಲಿ ಹೆಣ್ಣುಮಕ್ಕಳ ಗಲಗಲ.

‘ಗಿರ್ಮಿಟ್ ಅಣ್ಣ ಅದಾಳೇನ್ರೀ ಮನಿಯಾಗ?’

ಓರೆ ಗೀಟಿಲ್ಲ, ಕೀಲಿಮಣೆಯಿಲ್ಲ, ನನ್ನನ್ನು ಯಾರೂ ಕರೆಯಲಿಲ್ಲ. ಒಳಗಿನಿಂದ ಅನಸೂಯಾ ದೊಡ್ಡ ದನಿಯಲ್ಲಿ ನಗುತ್ತಾ ತಾನೇ ಹೇಳಿದಳು:

‘ಅದಾಳ, ಅದಾಳ! ಒಳಗ ಬರ್ರೀ.’